ಚಹಾ ಬಿಸಿಯಾಗಿದ್ದ ದಿನಗಳು

ಜಕಾರ್ತಾ, 8 ಜನವರಿ 2024

ಪ್ರೀತಿಯ ರುಸ್ಮಾನಿಯಾ ಚಿಕ್ಕಮ್ಮನಿಗೆ ನಿಮ್ಮ ಮಹ್ರಿತಾಳ ಸಲಾಂ.

ಒಣಮೀನಿನ ಪಾರ್ಸೆಲ್ ಶುಕ್ರವಾರ ಬಂತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅದರ ವಾಸನೆ ಮೂರು ಮಹಡಿ ಹತ್ತಿ ಇಳಿದಿತ್ತು. ಬಾಡಿಗೆ ಮನೆಯ ಒಡತಿ ಮೂಗು ಮುಚ್ಚಿಕೊಂಡೇ ಕೈಗೆ ಕೊಟ್ಟಳು. ಮರುದಿನ ಹುರಿದು ಎರಡು ತುಂಡು ಅವಳಿಗೂ ಕೊಟ್ಟೆ. ಈಗ ಮುಂದಿನ ಪಾರ್ಸೆಲ್ ಯಾವಾಗ ಎಂದು ಅವಳೇ ಕೇಳುತ್ತಿದ್ದಾಳೆ.

ಫೋನಿನಲ್ಲಿ ಕೇಳಿದರೆ ನಾನು ಎಲ್ಲಕ್ಕೂ ‘ಚೆನ್ನಾಗಿದೆ’ ಎನ್ನುತ್ತೇನೆ, ಅದಕ್ಕೇ ಕಾಗದ ಬರೆ ಎಂದು ನೀವು ಹಟ ಹಿಡಿದಿರಿ. ಕಾಗದದಲ್ಲಿ ಸುಳ್ಳು ಬರೆಯೋಕೆ ಜಾಸ್ತಿ ಹೊತ್ತು ಬೇಕು ಅಂತ ನಿಮ್ಮ ವಾದ. ಸರಿ, ಬರೆಯುತ್ತಿದ್ದೇನೆ. ಈ ಸಲ ನಿಜಕ್ಕೂ ಚೆನ್ನಾಗಿದೆ.

ನೀವು ಬಟ್ಟೆ ಮಾರುವ ಆ್ಯಪ್ ಇದೆಯಲ್ಲ, ಅದರೊಳಗಿನ ದಾರಿಗಳನ್ನೆಲ್ಲ ಹೊಸದಾಗಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿದೆ. ಪರದೆಯ ಕೆಳತುದಿಯಲ್ಲಿ ಐದು ಗುರುತುಗಳ ಸಾಲಿದೆ ನೋಡಿ: ಮನೆ, ಹುಡುಕು, ಮಾತು, ಬುಟ್ಟಿ, ನಾನು. ಹೆಬ್ಬೆರಳಿಗೆ ಸುಲಭವಾಗಿ ಸಿಗುವುದು ಆ ಸಾಲು ಮಾತ್ರ. ಅಲ್ಲಿ ಐದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಆ ಐದು ಜಾಗಕ್ಕೆ ಆಫೀಸಿನಲ್ಲಿ ನಡೆಯುವ ಜಗಳ ನೋಡಿದರೆ, ಸಂತೆಯಲ್ಲಿ ದೋಣಿ ಕಟ್ಟುವ ಗೂಟಕ್ಕೆ ಬಡಿದಾಡುವ ನಮ್ಮೂರಿನ ಹೆಂಗಸರೇ ಎಷ್ಟೋ ವಾಸಿ.

ನಮ್ಮ ವಿಭಾಗದ ದೊಡ್ಡವರು ಪಾಕ್ ಸುಬಗ್ಯೋ. ರಂಜಾನ್ ಹಬ್ಬದ ವ್ಯಾಪಾರ ಮುಗಿಯುವಷ್ಟರಲ್ಲಿ ನನ್ನ ಹೊಸ ಸಾಲು ಗೆದ್ದರೆ ಏಳು ಜನರ ತಂಡಕ್ಕೆ ನಾನೇ ಮುಖ್ಯಸ್ಥೆ ಎಂದಿದ್ದಾರೆ. ಒಂಬತ್ತು ವರ್ಷದಿಂದ ಇನ್ನೊಬ್ಬರು ಹೇಳಿದ ಜಾಗದಲ್ಲಿ ಹೇಳಿದ ಬಣ್ಣ ಹಚ್ಚಿಕೊಂಡು ಬಂದವಳು ನಾನು, ಚಿಕ್ಕಮ್ಮ. ಈ ಕುರ್ಚಿ ನನಗೆ ಬೇಕು. ನಿಮ್ಮ ಹತ್ತಿರ ಮುಚ್ಚಿಡುವುದೇನು, ತುಂಬಾ ಬೇಕು.

ನೀವು ದಿನವೂ ಅದನ್ನು ಬಳಸುವವರು. ಏನು ತೊಂದರೆ ಇದೆ, ಏನು ಬದಲಾಗಬೇಕು, ಬರೆಯಿರಿ.

ನಿಮ್ಮ,
ಮಹ್ರಿತಾ

*

ಸುಂಗಾಯ್ ಜಿಂಗಾ, ಬಂಜರ್‌ಮಾಸಿನ್
21 ಜನವರಿ 2024

ಮಗಳೇ ಮಹ್ರಿತಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೆಯ ಸಲ ಸಂತೋಷಕ್ಕೆ, ಎರಡನೆಯ ಸಲ ಅದರಲ್ಲಿ ಮದುವೆಯ ಸುದ್ದಿ ಏನಾದರೂ ಅಡಗಿದೆಯೇ ಎಂದು. ಇಲ್ಲ. ಇರಲಿ, ಮುಖ್ಯಸ್ಥೆಯಾಗು ಮೊದಲು.

ನನಗೆ ತೊಂದರೆ ಏನೂ ಇಲ್ಲ. ಅಕ್ಷರ ಇರುವೆಯಷ್ಟು ಸಣ್ಣ, ಅದೊಂದು ದೊಡ್ಡದು ಮಾಡು. ಬೆಳಿಗ್ಗೆ ಎದ್ದು ಬಣ್ಣದ ಹಂಡೆಗೆ ಉರಿ ಹಾಕುವ ಮೊದಲು ಫೋನ್ ತೆಗೆಯುತ್ತೇನೆ. ನಡುವೆ ಇರುವ ಮಾತಿನ ಗುರುತಿನ ಮೇಲೆ ಕೆಂಪು ಚುಕ್ಕೆ ಕಂಡರೆ ಯಾರೋ ಬಂದಿದ್ದಾರೆ ಎಂದರ್ಥ. ಈ ದಿನ ಹನ್ನೊಂದು ಜನ ಬಂದಿದ್ದರು. ಒಬ್ಬೊಬ್ಬರಿಗೂ ‘ಕೊಟ್ಟೆ’ ಎಂದು ಬರೆದು, ಅವರು ‘ಕೊಂಡೆ’ ಎಂದು ಬರೆದದ್ದನ್ನು ನೋಡಿ ಮುಗಿಸುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. ದಿನವೂ ಇದೇ ಕಥೆ. ನಿನ್ನ ಚಿಕ್ಕಪ್ಪ ತೀರಿಕೊಂಡ ಮೇಲೆ ಬಿಸಿ ಚಹಾ ಕುಡಿದ ನೆನಪೇ ನನಗಿಲ್ಲ.

ಬರಾಬಾಯಿಯ ನೊರ್ಸಿಯಾ ಟೀಚರ್ ಮೊನ್ನೆ ಮೂವತ್ತು ಜನ ಟೀಚರುಗಳಿಗೆ ಒಂದೇ ಬಗೆಯ ಬಟ್ಟೆ ಕೇಳಿದರು. ಮೂವತ್ತಕ್ಕೂ ಸೇರಿ ಒಂದೇ ಸಲ ‘ಕೊಂಡೆ’ ಎಂದರೆ ಸಾಕಲ್ಲ. ಆಕೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆದರು, ನಾನೂ ಮೂವತ್ತು ಸಲ ‘ಕೊಟ್ಟೆ’ ಬರೆದೆ. ಟೀಚರ್ ಅಲ್ಲವೇ, ಬರೆಸಿದರೆ ಪೂರ್ತಿ ಬರೆಸಿಯೇ ಬಿಡುವುದು.

ಆಗ ನಿನ್ನ ನೆನಪಾಯಿತು. ನಿನಗೆ ಆರು ವರ್ಷ. ದೋಣಿಯಲ್ಲಿ ಬಂದ ಒಬ್ಬ ಗಿರಾಕಿ ಹಣ ಕೊಟ್ಟು, ಬಟ್ಟೆ ತೆಗೆದುಕೊಂಡು, ‘ಕೊಂಡೆ’ ಅನ್ನದೆ ಹುಟ್ಟು ಹಾಕಿಬಿಟ್ಟ. ನೀನು ದಂಡೆಯುದ್ದಕ್ಕೂ ಓಡಿದೆ, ಸೇತುವೆಯವರೆಗೂ. “ಕೊಂಡೆ ಅನ್ನಿ! ಚಿಕ್ಕಮ್ಮ ಕೊಟ್ಟೆ ಅಂದಿದ್ದಾರೆ, ನೀವು ಅಂದಿಲ್ಲ!” ಪಾಪ, ಅವನು ಹೆದರಿ ನೀರಿನ ನಡುವೆ ಎದ್ದು ನಿಂತು ಕೂಗಿ ಹೇಳಿದ. ಇಡೀ ಸಂತೆ ನಕ್ಕಿತು. ನೀನು ಮಾತ್ರ ನಗಲಿಲ್ಲ. ಕೊಟ್ಟವರೂ ಕೊಂಡವರೂ ಬಾಯಿಬಿಟ್ಟು ಹೇಳದೆ ಹೋದರೆ ಮನಸ್ಸಿನಲ್ಲಿ ಏನೋ ಉಳಿದುಬಿಡುತ್ತದೆ ಎಂದು ನಾನು ಹೇಳಿಕೊಟ್ಟಿದ್ದೆ, ನೀನು ಅದನ್ನು ಗಟ್ಟಿಯಾಗಿ ಹಿಡಿದಿದ್ದೆ.

ಊಟ ಸರಿಯಾಗಿ ಮಾಡು.

ಚಿಕ್ಕಮ್ಮ

*

ಜಕಾರ್ತಾ, 3 ಫೆಬ್ರವರಿ 2024

ಪ್ರೀತಿಯ ಚಿಕ್ಕಮ್ಮ,

ಚಿಕ್ಕದಾಗಿ ಬರೆಯುತ್ತಿದ್ದೇನೆ, ಬೈಯಬೇಡಿ. ಉಸಿರಾಡಲೂ ಪುರುಸೊತ್ತಿಲ್ಲ. ಹದಿನೈದನೇ ತಾರೀಕಿಗೆ ಹೊಸ ಸಾಲು ಎಲ್ಲರ ಫೋನಿಗೂ ಹೋಗಬೇಕು.

ಸೇತುವೆಯವರೆಗೆ ಓಡಿದ್ದು ನನಗೆ ನೆನಪೇ ಇಲ್ಲ. ಎಂಥ ಹುಚ್ಚು ಹುಡುಗಿ! ಓದಿ ಆಫೀಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ನನ್ನ ಪಕ್ಕ ತಿಯುರ್ ಎಂಬ ಬಾತಕ್ ಜನಾಂಗದ ಹೆಂಗಸು ಕೂರುತ್ತಾಳೆ. ಯಾರು ಯಾವ ಗುರುತನ್ನು ಎಷ್ಟು ಸಲ ಒತ್ತುತ್ತಾರೆ ಎಂದು ಎಣಿಸುವುದು ಅವಳ ಕೆಲಸ. ಮಾತು ಎಂದರೆ ಚಾಕು. ಅವಳ ಲೆಕ್ಕದ ಪ್ರಕಾರ ಜನ ಒಂದು ಸಾಮಾನು ಕೊಳ್ಳಲು ಎಷ್ಟೋ ಅನಗತ್ಯ ಕೆಲಸ ಮಾಡುತ್ತಾರೆ. ಒಂದು ಸಲ ಗುಂಡಿ ಒತ್ತಿ ಹಣ ಕೊಟ್ಟಾದ ಮೇಲೂ ಇನ್ನೆಲ್ಲೋ ಹೋಗಿ, ಒಂದು ಪದ ಬರೆದು, ವಾಪಸು ಬರುತ್ತಾರೆ. ಆ ಸುತ್ತುದಾರಿಯನ್ನು ತೆಗೆದುಹಾಕುತ್ತಿದ್ದೇನೆ. ಆ ಜಾಗಕ್ಕೆ ವಿಡಿಯೋ ಬರುತ್ತದೆ. ಕುಳಿತಲ್ಲೇ ಬಟ್ಟೆಯನ್ನು ತಿರುಗಿಸಿ ತೋರಿಸಬಹುದು. ನಿಮ್ಮ ಕೆಲಸ ಎಷ್ಟು ಹಗುರವಾಗುತ್ತದೆ ನೋಡುತ್ತಿರಿ. ಅಕ್ಷರವನ್ನೂ ದೊಡ್ಡದು ಮಾಡಿಸಿದ್ದೇನೆ, ನಿಮ್ಮ ಹೆಸರು ಹೇಳಿಯೇ.

ಮಹ್ರಿತಾ

*

ಸುಂಗಾಯ್ ಜಿಂಗಾ
27 ಫೆಬ್ರವರಿ 2024

ಮಗಳೇ,

ಹೊಸ ಆ್ಯಪ್ ನೋಡಿದೆ. ಬಣ್ಣ ಚೆನ್ನಾಗಿದೆ. ಅಕ್ಷರ ದೊಡ್ಡದಾಗಿದೆ, ಕನ್ನಡಕವಿಲ್ಲದೆ ಓದಿದೆ. ನಮ್ಮ ಓಣಿಯಲ್ಲಿ ಎಲ್ಲರಿಗೂ ತೋರಿಸಿ, ಇದು ನಮ್ಮ ಮಹ್ರಿತಾ ಬರೆಸಿದ ಅಕ್ಷರ ಎಂದೆ.

ನನಗೆ ಈಗ ಒಳ್ಳೆಯ ಬಿಡುವು. ಬೆಳಿಗ್ಗೆ ಚಹಾವನ್ನು ಬಿಸಿಬಿಸಿಯಾಗಿ ಕುಡಿಯುತ್ತಿದ್ದೇನೆ. ಹಿತ್ತಿಲಲ್ಲಿ ಮೆಣಸಿನ ಗಿಡ ನೆಟ್ಟೆ. ಬಟ್ಟೆಗೆ ಹೊಲಿಗೆ ಹಾಕಿ ದಾರ ಬಿಗಿಯುವ ಹೆಂಗಸರಲ್ಲಿ ಇಬ್ಬರಿಗೆ ವಾರ ರಜೆ ಕೊಟ್ಟಿದ್ದೇನೆ, ಅವರೂ ವಿಶ್ರಾಂತಿ ತೆಗೆದುಕೊಳ್ಳಲಿ.

ನೀನು ಹಬ್ಬಕ್ಕೆ ಬರುವುದಕ್ಕಾಗದಿದ್ದರೆ ಬೇಸರವಿಲ್ಲ. ಕೆಲಸ ನೋಡಿಕೋ. ನಿಮ್ಮ ದೊಡ್ಡವರ ಮಾತು ಮೀರಬೇಡ.

ಚಿಕ್ಕಮ್ಮ

*

ಜಕಾರ್ತಾ, 9 ಮಾರ್ಚ್ 2024

ಚಿಕ್ಕಮ್ಮ, ನನ್ನ ಚಿನ್ನದ ಚಿಕ್ಕಮ್ಮ,

ನೀವು ಏನು ಮಾಡಿದ್ದೀರಿ ಎಂದು ನಿಮಗೆ ಗೊತ್ತಿಲ್ಲ. ಗುರುವಾರ ಮೀಟಿಂಗಿನಲ್ಲಿ ಎಲ್ಲರೂ ಅಂಕಿ-ಸಂಖ್ಯೆ ಹಿಡಿದು ಕಚ್ಚಾಡುತ್ತಿದ್ದರು. ವಿಡಿಯೋ ನೋಡುವವರು ಹೆಚ್ಚಿದ್ದಾರೆ, ಆದರೆ ಕೊಳ್ಳುವವರು ಯಾಕೋ ಕೆಲವು ಕಡೆ ಕಡಿಮೆ ಎಂದು ತಿಯುರ್ ತಕರಾರು ತೆಗೆದಳು. ನಾನು ಬ್ಯಾಗಿನಿಂದ ನಿಮ್ಮ ಕಾಗದ ತೆಗೆದು ಓದಿದೆ: ‘ನನಗೆ ಈಗ ಒಳ್ಳೆಯ ಬಿಡುವು. ಬೆಳಿಗ್ಗೆ ಚಹಾವನ್ನು ಬಿಸಿಬಿಸಿಯಾಗಿ ಕುಡಿಯುತ್ತಿದ್ದೇನೆ.’ ಪಾಕ್ ಸುಬಗ್ಯೋ ಎದ್ದು ಹೋಗಿ ಅದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು. “ಇಷ್ಟೇ ನಮ್ಮ ಕೆಲಸ, ಮಾರೋರು ಬಿಸಿ ಚಹಾ ಕುಡೀಬೇಕು” ಅಂದರು.

ಈಗ ಅವರಿಗೆ ನಿಮ್ಮ ಫೋಟೋ ಬೇಕಂತೆ. ಹಬ್ಬದ ಜಾಹೀರಾತಿಗೆ. ನೀವು ಚಹಾ ಲೋಟ ಹಿಡಿದು ಅಂಗಡಿಯ ಮುಂದೆ ಕೂತಿರಬೇಕು, ಕೆಳಗೆ ನಿಮ್ಮ ಮಾತು. ಇನ್ನು ಎರಡು ವಾರದಲ್ಲಿ ಕಳುಹಿಸಿ. ಹಳದಿ ಬಟ್ಟೆ ಉಟ್ಟುಕೊಳ್ಳಿ, ನಿಮಗೆ ಒಪ್ಪುತ್ತದೆ.

ಕುರ್ಚಿ ಹೆಚ್ಚುಕಡಿಮೆ ನನ್ನದೇ. ಹಬ್ಬ ಕಳೆದ ಮೇಲೆ ಅಧಿಕೃತ. ಎಲ್ಲ ನಿಮ್ಮಿಂದ.

ನಿಮ್ಮ ಮಹ್ರಿತಾ

*

ಸುಂಗಾಯ್ ಜಿಂಗಾ
17 ಮಾರ್ಚ್ 2024, ಉಪವಾಸದ ಆರನೇ ದಿನ

ಮಗಳೇ ಮಹ್ರಿತಾ,

ಫೋಟೋ ತೆಗೆಸಿಕೊಳ್ಳಲು ಹಳದಿ ಬಟ್ಟೆ ಉಟ್ಟು ಕೂತೆ. ಪಕ್ಕದ ಮನೆಯ ಸೊಸೆ ಫೋನ್ ಹಿಡಿದು “ನಗಿ ಅತ್ತೆ” ಅಂದಳು. ನಗು ಬರಲಿಲ್ಲ. ಎದ್ದುಬಿಟ್ಟೆ.

ಉಪವಾಸದ ತಿಂಗಳಿನಲ್ಲಿ ಸುಳ್ಳು ಹೇಳಿದರೆ ಹಸಿದುಕೊಂಡಿದ್ದೂ ದಂಡ. ಅದಕ್ಕೇ ಬರೆಯುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ.

ಚಹಾ ಬಿಸಿಯಾಗಿರುವುದು ಯಾರೂ ಬರದೇ ಇರುವುದರಿಂದ. ಹೊಸ ಆ್ಯಪ್ ಬಂದ ದಿನದಿಂದ ಸಾಲಿನ ನಡುವೆ ಮಾತಿನ ಗುರುತಿಲ್ಲ. ಮೊದಲ ದಿನ ನನ್ನ ಫೋನ್ ಕೆಟ್ಟಿದೆ ಎಂದುಕೊಂಡೆ. ಮೂರನೇ ದಿನ ನನ್ನ ಕಣ್ಣು ಕೆಟ್ಟಿದೆ ಎಂದುಕೊಂಡೆ. ಕೊನೆಗೆ ಪಕ್ಕದ ಮನೆಯ ಸೊಸೆ ಹುಡುಕಿಕೊಟ್ಟಳು. ‘ನಾನು’ ಎಂಬುದನ್ನು ಒತ್ತಿ, ಕೆಳಗೆ ಮೂರನೇ ಸಾಲು. ಕೆಂಪು ಚುಕ್ಕೆ ಹೊರಗೆ ಕಾಣುವುದಿಲ್ಲ. ತೆರೆದು ನೋಡಿದರೆ ನಲವತ್ತಮೂರು ಜನ ಬಂದು ಮಾತಾಡಿಸಿ, ಉತ್ತರ ಸಿಗದೆ ಹೋಗಿದ್ದರು. ಮಗಳೇ, ಮನೆ ಬಾಗಿಲಿಗೆ ಬಂದವರನ್ನು ಹಾಗೆ ನಿಲ್ಲಿಸಿ ನನಗೆ ಅಭ್ಯಾಸವಿಲ್ಲ. ಆ ದಿನ ನನಗೆ ಬಹಳ ದುಃಖವಾಯಿತು.

ಇನ್ನು ಕೆಲವರು ಆರ್ಡರ್ ಮಾಡಿ, ಹಣ ಹಾಕಿ, ಮೂಗರ ಹಾಗೆ ಹೊರಟುಹೋಗುತ್ತಾರೆ. ಜಕಾರ್ತಾದ ಅಂಗುನ್ ಲೆಸ್ತಾರಿ ಎಂಬಾಕೆ ಹದಿನೇಳನೇ ಫೆಬ್ರವರಿಗೆ ಒಂದು ಹಳದಿ ಬಟ್ಟೆ ಕೇಳಿದಳು. ಹಾರುವಾನ್ ಮೀನಿನ ಹಲ್ಲಿನ ಚಿತ್ತಾರದ್ದು. ನಾನೇ ಕೈಯಾರೆ ಹೊಲಿದ ಬಟ್ಟೆ ಅದು. ಕಟ್ಟಿಟ್ಟೆ, ಹೆಸರು ಬರೆದೆ, ಆಕೆ ‘ಕೊಂಡೆ’ ಅನ್ನಲಿ ಎಂದು ಕಾದೆ. ಒಂದು ದಿನ, ಎರಡು ದಿನ, ಮೂರು ದಿನ. ಆಕೆಗೆ ಮನಸ್ಸಿದೆಯೋ ಇಲ್ಲವೋ, ಬೆರಳು ತಪ್ಪಿ ಒತ್ತಿದಳೋ, ನನಗೆ ಹೇಗೆ ಗೊತ್ತಾಗಬೇಕು? ಒಪ್ಪಿಗೆ ಹೇಳದವರ ಹಣ ಇಟ್ಟುಕೊಳ್ಳಲು ಕೈ ಬರಲಿಲ್ಲ. ಅಷ್ಟರಲ್ಲಿ ಆ್ಯಪ್ ತಾನೇ ಆರ್ಡರನ್ನು ರದ್ದು ಮಾಡಿತು. ನನ್ನ ಅಂಗಡಿಯ ಹೆಸರಿನ ಕೆಳಗೆ ‘ನಿಧಾನ’ ಎಂದು ಬರೆದಿದೆ. ಈಗ ಅದು ದೊಡ್ಡ ಅಕ್ಷರದಲ್ಲಿ ಕಾಣುತ್ತದೆ.

ನೊರ್ಸಿಯಾ ಟೀಚರ್ ಏನು ಮಾಡಿದರು ಗೊತ್ತೇ? ಹಬ್ಬಕ್ಕೆ ನಾಲ್ಕು ಬಟ್ಟೆ ಆರ್ಡರ್ ಮಾಡಿದರು. ಮಾತಿನ ಗುರುತು ಹುಡುಕಿ ಹುಡುಕಿ ಸಾಕಾಗಿ, ಬರಾಬಾಯಿಯಿಂದ ನಾಲ್ಕು ಗಂಟೆ ಬಸ್ಸಿನಲ್ಲಿ, ಅದೂ ಉಪವಾಸದಲ್ಲಿ, ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. “ಏನ್ ಟೀಚರ್, ಬಟ್ಟೆ ಒಯ್ಯೋಕೆ ಬಂದ್ರಾ?” ಅಂದೆ. “ಬಟ್ಟೆ ಕೊರಿಯರಲ್ಲೇ ಬರ್ಲಿ ಅಚಿಲ್. ನಾನು ಕೊಂಡೆ ಅನ್ನೋಕೆ ಬಂದೆ” ಅಂದರು. ಗಿರಾಕಿಗಳೆಲ್ಲ ನನ್ನನ್ನು ಅಚಿಲ್ ಎಂದೇ ಕರೆಯುವುದು, ಅವರಿಗೂ ನಾನು ಚಿಕ್ಕಮ್ಮನೇ. ನಾನು ‘ಕೊಟ್ಟೆ’ ಅಂದೆ. ಆಕೆ ನಾಲ್ಕು ಸಲ ‘ಕೊಂಡೆ’ ಅಂದು, ಮುಖ ತೊಳೆದುಕೊಂಡು, ಮುಂದಿನ ಬಸ್ಸಿಗೆ ಹೋದರು. ಎಲ್ಲರೂ ಟೀಚರ್ ಆಗಿರುವುದಿಲ್ಲವಲ್ಲ. ಮಿಕ್ಕವರು ಬೇರೆ ಅಂಗಡಿ ನೋಡಿಕೊಂಡಿದ್ದಾರೆ.

ರಜೆ ಕೊಟ್ಟ ಇಬ್ಬರು ಹೆಂಗಸರು ಈಗ ನಾಲ್ವರಾಗಿದ್ದಾರೆ. ಹಬ್ಬದ ವ್ಯಾಪಾರ ಹೀಗೇ ಹೋದರೆ ಅವರನ್ನು ಮತ್ತೆ ಕರೆಯಲು ನನ್ನ ಕೈಲಾಗದು.

ಇದನ್ನು ಮಾಡಿದವರು ನಿಮ್ಮ ಆಫೀಸಿನ ಯಾರೋ ದೊಡ್ಡವರು, ನಮ್ಮ ಕಡೆಯ ನೀರು ಕುಡಿಯದವರು ಎಂದು ನನಗೆ ಗೊತ್ತು. ನನಗೋಸ್ಕರ ಅವರ ಜೊತೆ ಜಗಳಕ್ಕೆ ಹೋಗಬೇಡ. ಫೋಟೋ ಮಾತ್ರ ಬೇಡ. ಅಷ್ಟೇ.

ಚಿಕ್ಕಮ್ಮ

*

ಜಕಾರ್ತಾ, 22 ಮಾರ್ಚ್ 2024

ಚಿಕ್ಕಮ್ಮ,

ಯಾರೋ ದೊಡ್ಡವರಲ್ಲ. ನಾನು.

ಮಾತಿನ ಗುರುತನ್ನು ನಡುವಿನಿಂದ ಎತ್ತಿ ಒಳಗೆ ಮೂರನೇ ಸಾಲಿಗೆ ಹಾಕಿದವಳು ನಾನೇ. ನಾನು ಸುತ್ತುದಾರಿ ಎಂದು ಬರೆದಿದ್ದೆನಲ್ಲ, ಅದೇ ಇದು. ಯಾವ ಗುರುತು ಎಂದು ನಿಮಗೆ ಹೇಳಲಿಲ್ಲ. ಹೇಳಿದರೆ ನೀವು ಬೇಡ ಎನ್ನುತ್ತೀರೇನೋ ಎಂದು ಒಳಗೊಳಗೆ ಹೆದರಿಕೆ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ. ತಿಯುರ್ ಪಟ್ಟಿ ತಂದು ತೋರಿಸಿದ್ದಳು. ಇಷ್ಟು ಸಾವಿರ ಮಾತುಕತೆ, ಎಲ್ಲವೂ ಎರಡೇ ಪದದ್ದು, ಒಬ್ಬರು ‘ಕೊಟ್ಟೆ’, ಇನ್ನೊಬ್ಬರು ‘ಕೊಂಡೆ’. ಕೊಳ್ಳುವ ಗುಂಡಿ ಒತ್ತಿಯಾದ ಮೇಲೆ ಅದನ್ನೇ ಮತ್ತೆ ಯಾಕೆ ಬರೆಯುತ್ತಾರೆ ಎಂದು ಕೋಣೆಯಲ್ಲಿ ಎಲ್ಲರೂ ಕೇಳಿದರು. ನಾನೂ ಕೇಳಿದೆ, ಚಿಕ್ಕಮ್ಮ. ಆ ಪದಗಳು ನನ್ನ ಕಣ್ಣೆದುರಿಗಿದ್ದವು. ಅದಕ್ಕೆ ಹತ್ತು ದಿನ ಮೊದಲು, ನಾನು ಸೇತುವೆಯವರೆಗೆ ಓಡಿದ ಕಥೆಯನ್ನು ನೀವು ಬರೆದಿದ್ದಿರಿ. ಓದಿ ನಕ್ಕವಳಿಗೆ ಎರಡೂ ಒಂದೇ ಎಂದು ಹೊಳೆಯಲಿಲ್ಲ. ಹದಿನೇಳಕ್ಕೆ ಊರು ಬಿಟ್ಟವಳು ನಾನು, ನಿಜ. ಆದರೆ ಅದು ನೆಪ.

ಇನ್ನೊಂದಿದೆ. ಅಂಗುನ್ ಲೆಸ್ತಾರಿ ನಾನೇ. ಹೊಸ ದಾರಿ ಸರಿಯಾಗಿದೆಯೇ ಎಂದು ನೋಡಲು ಆಫೀಸಿನಲ್ಲಿ ಇಟ್ಟುಕೊಂಡ ಸುಳ್ಳು ಹೆಸರು ಅದು. ನನ್ನ ಹೆಸರಿನಲ್ಲಿ ಕೇಳಿದರೆ ನೀವು ಹಣ ತೆಗೆದುಕೊಳ್ಳುವುದಿಲ್ಲವಲ್ಲ. ಆರ್ಡರ್ ರದ್ದಾದಾಗ ಬಣ್ಣ ಒಣಗಿರಲಿಕ್ಕಿಲ್ಲ, ಚಿಕ್ಕಮ್ಮನಿಗೆ ವಯಸ್ಸಾಯಿತು ಎಂದುಕೊಂಡೆ. ವರದಿಯಲ್ಲಿ ‘ದಾರಿ ಸರಿಯಿದೆ, ಮಾರುವವರು ನಿಧಾನ’ ಎಂದು ನಾನೇ ಬರೆದೆ.

ನಿಮ್ಮ ಕಾಗದವನ್ನು ತಿಯುರ್‌ಗೆ ಓದಿ ಹೇಳಿದೆ. ಅವಳು ಮಾತಿನ ಚಾಕು ಹಾಕುತ್ತಾಳೆ ಎಂದು ಕಾದೆ. ಸುಮ್ಮನೆ ಊರೂರಿನ ಲೆಕ್ಕ ತೆಗೆದಳು. ನಮ್ಮ ದಕ್ಷಿಣ ಕಾಲಿಮಂತಾನಿನಲ್ಲಿ ವ್ಯಾಪಾರ ಬಾವಿಗೆ ಬಿದ್ದಿದೆ. ಬೇರೆ ಕಡೆಯೂ ಅಲ್ಪಸ್ವಲ್ಪ ಇಳಿದಿದೆ. ಅಲ್ಲೆಲ್ಲ ಜನ ಕೊಳ್ಳುವ ಮೊದಲು “ಇದೆಯಾ ಅಕ್ಕ?” ಎಂದು ಕೇಳಿಯೇ ಕೊಳ್ಳುವುದಂತೆ, ಇದೆ ಎಂದು ಪರದೆಯ ಮೇಲೆ ಬರೆದಿದ್ದರೂ.

ತಿಯುರ್ ಹೇಳಿದಳು: “ಹಬ್ಬ ಮುಗೀಲಿ, ಕುರ್ಚಿ ಸಿಗ್ಲಿ, ಆಮೇಲೆ ಸರಿ ಮಾಡು. ಯಾರಿಗೂ ಗೊತ್ತಾಗಲ್ಲ.” ನಾನು ಒಂದು ಇಡೀ ದಿನ ಹಾಗೇ ಮಾಡೋಣ ಎಂದುಕೊಂಡಿದ್ದೆ. ಅದನ್ನೂ ಬರೆದುಬಿಡುತ್ತೇನೆ. ಆಮೇಲೆ ಆ ನಾಲ್ವರು ಹೆಂಗಸರು ನೆನಪಾದರು. ಹಬ್ಬ ಮುಗಿದ ಮೇಲೆ ಸರಿ ಮಾಡಿ ಅವರಿಗೇನು ಪ್ರಯೋಜನ?

ಸೋಮವಾರ ಪಾಕ್ ಸುಬಗ್ಯೋಗೆ ಹೇಳುತ್ತೇನೆ.

ಮಹ್ರಿತಾ

*

ಸುಂಗಾಯ್ ಜಿಂಗಾ
28 ಮಾರ್ಚ್ 2024

ಮಹ್ರಿತಾ,

ನಿನ್ನ ಕಾಗದ ನನ್ನ ಕೈಸೇರುವಷ್ಟರಲ್ಲಿ ಸೋಮವಾರ ಕಳೆದುಹೋಗಿದೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಬೈಯುವುದಕ್ಕೆ ಮಾಡಿದ್ದಲ್ಲ. ಏನಾಯಿತು ಎಂದು ತಿಳಿಯಬೇಕು.

ಬೈಯುವುದಿದ್ದರೆ ಅದು ಬೇರೆ. ಸೇತುವೆಯವರೆಗೆ ಓಡಿದವಳು ನೀನೇ, ಸೇತುವೆ ಕಿತ್ತವಳೂ ನೀನೇ. ಜೊತೆಗೆ, ನನಗೆ ವಯಸ್ಸಾಯಿತು ಎಂದು ಬರೆದಿದ್ದೀಯ. ಬಾ, ನಿನಗೆ ಬಣ್ಣದ ಹಂಡೆ ಎತ್ತಲಿಕ್ಕಾಗುತ್ತದೆಯೇ ನೋಡೋಣ.

ತಪ್ಪು ನನ್ನದೂ ಇದೆ. ಬಿಡುವು, ಮೆಣಸಿನ ಗಿಡ ಎಂದೆಲ್ಲ ಬರೆದೆನಲ್ಲ. ಕಾಗದದಲ್ಲಿ ಸುಳ್ಳು ಹೇಳುವುದು ನಾನು ತಿಳಿದದ್ದಕ್ಕಿಂತ ಸುಲಭ.

ಕೆಲಸ ಹೋಗಿದ್ದರೆ ಇಲ್ಲಿಗೆ ಬಂದುಬಿಡು. ಮನೆ ಇದೆ, ಅನ್ನ ಇದೆ. ಬೇಗ ಬರೆ.

ಚಿಕ್ಕಮ್ಮ

*

ಜಕಾರ್ತಾ, 2 ಏಪ್ರಿಲ್ 2024

ಪ್ರೀತಿಯ ಚಿಕ್ಕಮ್ಮ,

ಮೊದಲು ಆ್ಯಪನ್ನು ಹೊಸದು ಮಾಡಿಕೊಳ್ಳಿ. ಪಕ್ಕದ ಮನೆಯ ಸೊಸೆಗೆ ಹೇಳಿ. ಆಮೇಲೆ ಕೆಳಗಿನ ಸಾಲಿನ ನಡುವೆ ನೋಡಿ. ಆಮೇಲೆ ಈ ಕಾಗದ ಓದಿ.

ನೋಡಿದಿರಾ?

ಫೋನ್ ಎತ್ತದಿದ್ದುದಕ್ಕೆ ಕ್ಷಮಿಸಿ. ನಿಮ್ಮ ದನಿ ಕೇಳಿದರೆ ಅತ್ತುಬಿಡುತ್ತಿದ್ದೆ, ಕೆಲಸ ಮುಗಿಯುತ್ತಿರಲಿಲ್ಲ.

ಸೋಮವಾರ ಮೀಟಿಂಗಿನಲ್ಲಿ ನಿಮ್ಮ ಆ ಒಂದು ವಾಕ್ಯ ಇನ್ನೂ ಬೋರ್ಡಿನ ಮೇಲೆಯೇ ಇತ್ತು. ಅದರ ಕೆಳಗೇ ನಿಂತು ನಿಮ್ಮ ಉಪವಾಸದ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನೊರ್ಸಿಯಾ ಟೀಚರ್ ಬಸ್ಸಿನಲ್ಲಿ ಬಂದ ಕಡೆ ಯಾರೋ ನಕ್ಕರು, ‘ಕೊಂಡೆ’ ಎಂದು ವಾಪಸು ಹೋದ ಕಡೆ ಯಾರೂ ನಗಲಿಲ್ಲ. ಓದಿ ಮುಗಿಸಿ, ಅಂಗುನ್ ಲೆಸ್ತಾರಿ ನಾನು, ನಿಧಾನ ಎಂದು ಬರೆದವಳೂ ನಾನು, ಆ ಗುರುತನ್ನು ತೆಗೆಸಿದ್ದೂ ನಾನು ಎಂದೆ. ಪಾಕ್ ಸುಬಗ್ಯೋ ಎದ್ದು ಹೋಗಿ ಬೋರ್ಡನ್ನು ಬಟ್ಟೆಯಿಂದ ಒರೆಸಿದರು.

ಅವರು ಕೆಟ್ಟವರಲ್ಲ, ಚಿಕ್ಕಮ್ಮ. ಕೂಡಲೇ ದಾರಿ ಹುಡುಕಿದರು. “ಅಷ್ಟೇ ತಾನೇ? ಹಣ ಬಿದ್ದ ತಕ್ಷಣ ಆ್ಯಪೇ ಎರಡೂ ಕಡೆಯಿಂದ ಆ ಮಾತು ಹಾಕ್ಬಿಡ್ಲಿ. ವಿಡಿಯೋ ಇದ್ದಲ್ಲೇ ಇರುತ್ತೆ.” ಒಂದು ತಿಂಗಳ ಹಿಂದೆ ಆಗಿದ್ದರೆ ಎಂಥ ಜಾಣತನ ಎಂದು ನಾನೇ ಕುಣಿಯುತ್ತಿದ್ದೆ.

“ಯಂತ್ರ ಹೇಳಿದ್ರೆ ಅದು ಹೇಳ್ದಂಗಲ್ಲ, ಪಾಕ್” ಎಂದೆ. “ನಮ್ಮ ಚಿಕ್ಕಮ್ಮ ಮೂರು ದಿನ ಕಾದಿದ್ದು ಆ ಪದಕ್ಕಲ್ಲ. ಅದನ್ನ ಹೇಳೋ ಮನುಷ್ಯರಿಗೆ.”

ಕುರ್ಚಿ ಜಾರಿಹೋಗುತ್ತಿದೆ ಎಂದು ಆ ಕ್ಷಣದಲ್ಲೇ ಗೊತ್ತಾಯಿತು. ಆಗ ತಿಯುರ್ ತನ್ನ ಊರೂರಿನ ಲೆಕ್ಕವನ್ನು ಮೇಜಿನ ಮೇಲೆ ಹಾಕಿದಳು. ಅದನ್ನು ನೋಡಿದ ಮೇಲೆ ವಾದ ಉಳಿಯಲಿಲ್ಲ.

ಐದು ದಿನ ಕೂತು ಸಾಲನ್ನು ಮತ್ತೆ ಕಟ್ಟಿದೆವು. ನಡುವೆ ಮಾತು. ವಿಡಿಯೋ ‘ಮನೆ’ಯ ಒಳಗೆ ಹೋಗಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ಅಕ್ಷರ ದೊಡ್ಡದಾಗಿಯೇ ಇದೆ. ನಿಮ್ಮ ಅಂಗಡಿಯ ಕೆಳಗಿನ ‘ನಿಧಾನ’ ಎಂಬುದನ್ನು ನನ್ನ ಕೈಯಿಂದಲೇ ಅಳಿಸಿದೆ. ನಿಮ್ಮೊಬ್ಬರದಲ್ಲ, ಆ ಆರು ವಾರದಲ್ಲಿ ಹಾಗೆ ಹೆಸರು ಕೆಟ್ಟ ಎಲ್ಲ ಅಂಗಡಿಗಳದ್ದೂ.

ಕುರ್ಚಿ ತಿಯುರ್‌ಗೆ ಹೋಯಿತು. ಸ್ವಲ್ಪ ಅತ್ತೆ, ಮುಚ್ಚಿಡುವುದಿಲ್ಲ. ಸಂಜೆ ಉಪವಾಸ ಬಿಡುವ ಹೊತ್ತಿಗೆ ಅವಳು ಎಲ್ಲಿಂದಲೋ ನಮ್ಮೂರಿನ ಸಿಹಿತಿಂಡಿ ಬಿಂಗ್ಕಾ ಹುಡುಕಿ ತಂದಿದ್ದಳು. ಒಳಗೆ ಬೆಂದಿರಲಿಲ್ಲ, ಸಕ್ಕರೆ ಜಾಸ್ತಿ. ಇಬ್ಬರೂ ಪೂರ್ತಿ ತಿಂದೆವು. ಮುಖ್ಯಸ್ಥೆಯಾಗಿ ಅವಳು ಕೊಟ್ಟ ಮೊದಲ ಆಜ್ಞೆ ಏನು ಗೊತ್ತೇ? ಮೇ ತಿಂಗಳು ಪೂರ್ತಿ ನಾನು ಬಂಜರ್‌ಮಾಸಿನ್‌ನಲ್ಲಿ ಮಾರುವವರ ಪಕ್ಕ ಕೂತು, ಅವರು ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ನೋಡಿ ಬರಬೇಕು. “ಗುರುತು ಎಷ್ಟ್ ಸಲ ಒತ್ತಿದ್ರು ಅಂತ ನಾನ್ ಎಣಿಸ್ತೀನಿ. ಯಾಕ್ ಒತ್ತಿದ್ರು ಅಂತ ನೀನ್ ಕೇಳ್ಕೊಂಡ್ ಬಾ” ಎಂದಳು. ಅವಳ ಮೇಲೆ ಹೊಟ್ಟೆಕಿಚ್ಚು ಪಡಬೇಕೆಂದು ಪ್ರಯತ್ನಿಸಿದೆ, ಆಗಲಿಲ್ಲ.

ಹಂಡೆ ಎತ್ತಲು ಬರುತ್ತಿದ್ದೇನೆ.

ನಿಮ್ಮ ಮಹ್ರಿತಾ

*

ಸುಂಗಾಯ್ ಜಿಂಗಾ
18 ಏಪ್ರಿಲ್ 2024

ನನ್ನ ಮಗಳೇ,

ಹಬ್ಬದ ಗಡಿಬಿಡಿಯಲ್ಲಿ ಉತ್ತರ ತಡವಾಯಿತು. ಕಳೆದ ವರ್ಷದಷ್ಟು ವ್ಯಾಪಾರ ಆಗಲಿಲ್ಲ, ಆರು ವಾರ ಆರು ವಾರವೇ. ಆದರೆ ಕೊನೆಯ ಒಂಬತ್ತು ದಿನ ಬಣ್ಣದ ಹಂಡೆ ಆರಲೇ ಇಲ್ಲ. ನಾಲ್ವರು ಹೆಂಗಸರೂ ವಾಪಸು ಬಂದರು. ಬಂದವರೇ ನನ್ನ ಮೆಣಸಿನ ಗಿಡಕ್ಕೆ ಯಾರೂ ನೀರು ಹಾಕಿಲ್ಲವೆಂದು ನನ್ನನ್ನೇ ಬೈದರು.

ಗುರುತು ವಾಪಸು ಬಂದ ದಿನ ಕೆಂಪು ಚುಕ್ಕೆ ನೋಡಿ ನನಗೆ ಎಷ್ಟು ಸಂತೋಷವಾಯಿತು ಎಂದು ಹೇಗೆ ಹೇಳಲಿ. ಮೊದಲು ಬಂದವರು ನೊರ್ಸಿಯಾ ಟೀಚರ್. ‘ಅಚಿಲ್, ಇದ್ದೀರಾ?’ ಎಂದು ಬರೆದಿದ್ದರು. ಬಟ್ಟೆಯೇನೂ ಬೇಕಿರಲಿಲ್ಲ, ಸುಮ್ಮನೆ ಬಾಗಿಲು ತೆರೆದಿದೆಯೇ ನೋಡಲು ಬಂದೆ ಎಂದರು. ಕಣ್ಮರೆಯಾಗಿದ್ದ ಆ ನಲವತ್ತಮೂರು ಜನರಿಗೂ ಒಬ್ಬೊಬ್ಬರಿಗೆ ಬರೆದೆ. ಮೂವತ್ತೊಂದು ಜನ ತಿರುಗಿ ಬಂದರು. ಮಿಕ್ಕವರೂ ಬರುತ್ತಾರೆ, ಬರದಿದ್ದರೂ ಮಾತಾಡಿಸಿದೆ ಎಂಬ ಸಮಾಧಾನ ನನಗಿದೆ.

ಕುರ್ಚಿಯ ವಿಷಯ. ನಿನಗೆ ಅದು ಎಷ್ಟು ಬೇಕಿತ್ತು ಎಂದು ಮೊದಲ ಕಾಗದದಲ್ಲೇ ನೀನು ಬರೆದಿದ್ದೆ. ಅದಕ್ಕೆ ಬದಲಾಗಿ ಕೊಡಲು ನನ್ನ ಹತ್ತಿರ ಏನೂ ಇಲ್ಲ. ನೀನು ಮಾಡಿದ್ದು ನನಗೆ ಗೊತ್ತಿದೆ ಎಂದು ಮಾತ್ರ ಹೇಳುತ್ತೇನೆ. ನಿನ್ನ ಚಿಕ್ಕಪ್ಪ ಇದ್ದಿದ್ದರೆ ಸಂತೆಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಅವರಿಲ್ಲ, ಹಾಗಾಗಿ ನಾನೇ ಹೇಳಿಕೊಂಡು ಬಂದೆ.

ಈ ಕಾಗದದ ಜೊತೆ ಒಂದು ಪಾರ್ಸೆಲ್ ಇದೆ. ಹಳದಿ ಬಟ್ಟೆ, ಮೀನಿನ ಹಲ್ಲಿನ ಚಿತ್ತಾರ. ಫೆಬ್ರವರಿಯಿಂದ ಕಪಾಟಿನಲ್ಲಿ ಕಟ್ಟಿಟ್ಟಲ್ಲೇ ಇತ್ತು, ಮೇಲೆ ಅಂಗುನ್ ಲೆಸ್ತಾರಿ ಎಂಬ ಹೆಸರು. ಯಾರೋ ಬಂದು ಕೇಳಿದರು, ಕೊಡಲಿಲ್ಲ. ಅರ್ಧಕ್ಕೆ ನಿಂತ ವ್ಯಾಪಾರ ಅದು, ಇನ್ನೊಬ್ಬರಿಗೆ ಹೇಗೆ ಮಾರಲಿ? ಹೆಸರನ್ನು ಹೊಡೆದು ನಿನ್ನ ಹೆಸರು ಬರೆದಿದ್ದೇನೆ. ಹಣ ಕಳುಹಿಸು. ನೆಂಟಸ್ತಿಕೆಯ ಮಾತು ಬೇಡ, ಗಿರಾಕಿ ಎಂದ ಮೇಲೆ ಗಿರಾಕಿ.

ಒಂದು ವಿಷಯ ನೆನಪಿರಲಿ. ನೀನು ಹೇಳುವವರೆಗೆ ಆ ಬಟ್ಟೆ ನನ್ನದೇ. ಹೊಲಿಸಬೇಡ, ಉಡಬೇಡ, ಮಡಿಕೆ ಬಿಚ್ಚಬೇಡ.

ಇದನ್ನು ಬರೆಯಲು ಕೂತಾಗ ಚಹಾ ಹಾಕಿಕೊಂಡಿದ್ದೆ. ನಡುವೆ ಏಳು ಸಲ ಫೋನ್ ನೋಡಬೇಕಾಯಿತು. ಈಗ ಲೋಟ ಮುಟ್ಟಿ ನೋಡಿದರೆ ತಣ್ಣಗೆ ಕೊರೆಯುತ್ತಿದೆ. ಕುಡಿಯುತ್ತೇನೆ, ಚೆನ್ನಾಗಿರುತ್ತದೆ.

ಕೊಟ್ಟೆ.

ಚಿಕ್ಕಮ್ಮ

*

ಜಕಾರ್ತಾ, 26 ಏಪ್ರಿಲ್ 2024

ಚಿಕ್ಕಮ್ಮ,

ಪಾರ್ಸೆಲ್ ಬಂದು ಎರಡು ದಿನವಾಯಿತು. ಮಡಿಕೆ ಬಿಚ್ಚಿಲ್ಲ. ಮನೆ ಒಡತಿ ಒಂದು ಸಲ ಹೊದ್ದು ನೋಡುತ್ತೇನೆ ಎಂದಳು, ಅದು ಇನ್ನೂ ನನ್ನದಲ್ಲ ಎಂದೆ. ಹುಚ್ಚಿ ಎಂದುಕೊಂಡಿರಬೇಕು. ಮುಂದಿನ ವಾರ ದೋಣಿ ಇಳಿದು ನಿಮ್ಮ ಮೆಟ್ಟಿಲು ಹತ್ತುವಾಗ ಅದನ್ನೇ ಉಟ್ಟಿರಬೇಕೆಂದು ನನಗೆ ಆಸೆ.

ಹಣ ನಿನ್ನೆಯೇ ಹಾಕಿದ್ದೇನೆ. ಈ ಕಾಗದ ತಲುಪುವ ಮೊದಲೇ ನಿಮ್ಮ ಫೋನಿನ ಕೆಳಸಾಲಿನಲ್ಲಿ, ನಡುವೆ, ಒಂದು ಕೆಂಪು ಚುಕ್ಕೆ ಬಂದಿರುತ್ತದೆ. ಒತ್ತಿ ನೋಡಿ, ನಾನೇ ಬಂದಿರುತ್ತೇನೆ. ಆದರೂ ಕಾಗದದಲ್ಲೂ ಇರಲಿ ಎಂದು, ಸೇತುವೆಯ ಹತ್ತಿರ ನೀರಿನ ನಡುವೆ ಎದ್ದು ನಿಂತ ಆ ಗಿರಾಕಿಯಷ್ಟೇ ಜೋರಾಗಿ ಬರೆಯುತ್ತಿದ್ದೇನೆ:

ಕೊಂಡೆ.